ನಡುವಿನ ಪೆಡಲ್

ಆರು ವರ್ಷದ ಮಕ್ಕಳಿಗೆ ಪಿಯಾನೊ ಕಲಿಸುವವರ ಹತ್ತಿರ ಎಲ್ಲಕ್ಕಿಂತ ಮೊದಲು ಇರಬೇಕಾದದ್ದು ಒಂದು ಒದ್ದೆ ಬಟ್ಟೆ. ಸಂಗೀತದ ಮಾತು ಆಮೇಲೆ. ಶಾಲೆಯಿಂದ ನೇರವಾಗಿ ಬರುವ ಮಗುವಿನ ಬೆರಳಿಗೆ ಐಸ್ ಕಡ್ಡಿಯ ಕೆಂಪೋ, ಮೀನುಂಡೆಯ ಚಟ್ನಿಯೋ ಮೆತ್ತಿಕೊಂಡೇ ಇರುತ್ತದೆ. ಸಾವ್ ಫಾಂಗ್ ಬಾಗಿಲಲ್ಲೇ ಮಗುವಿನ ಕೈ ಹಿಡಿದು ಒಂದೊಂದೇ ಬೆರಳು ಒರೆಸಿ, ಉಗುರು ನೋಡಿ, ಉದ್ದವಿದ್ದರೆ ಅಲ್ಲೇ ಕತ್ತರಿಸಿ, ಆಮೇಲೆ ಸ್ಟೂಲಿನ ಮೇಲೆ ಹತ್ತಿಸುತ್ತಿದ್ದಳು. ಒರೆಸುವಾಗಲೇ ಕೈ ಎಂಥದ್ದು ಅಂತ ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಬಹಳಷ್ಟು ಕೈಗಳು ಸಾಧಾರಣ ಕೈಗಳು. ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ನಾಲ್ಕು ಹಾಡು ಕಲಿತು, ಇಂಗ್ಲೆಂಡಿನಿಂದ ವರ್ಷಕ್ಕೊಮ್ಮೆ ಬರುವ ಪರೀಕ್ಷಕರ ಮುಂದೆ ನುಡಿಸಿ, ಒಂದು ಸರ್ಟಿಫಿಕೇಟು ತಂದು ಗೋಡೆಗೆ ಹಾಕಿದರೆ ಅಪ್ಪ ಅಮ್ಮಂದಿರಿಗೂ ಸಮಾಧಾನ, ಅವಳ ಊಟಕ್ಕೂ ದಾರಿ.

ಅವಳು ಮದುವೆಯಾಗಿರಲಿಲ್ಲ. ಚೀನೀ ಮೂಲದವರೇ ಹೆಚ್ಚಿದ್ದ ಇಪೋ ಊರಿನ ಹಳೇ ಸಾಲುಮನೆಯೊಂದರಲ್ಲಿ ಅಪ್ಪ ಅಮ್ಮ ಇರುವವರೆಗೆ ಅವರೊಂದಿಗೆ, ಆಮೇಲೆ ಅವರ ಪಟಗಳೊಂದಿಗೆ ಇದ್ದಳು. ಇಪ್ಪತ್ತರ ವಯಸ್ಸಿನಲ್ಲಿ ಶುರುಮಾಡಿದ ಪಾಠ ಅರವತ್ತರ ಹತ್ತಿರ ಬಂದರೂ ನಡೆಯುತ್ತಿತ್ತು. ಚಿಕ್ಕವರಿಗೆ ಮಾತ್ರ. ಮೂರನೇ ದರ್ಜೆ ದಾಟಿದ ಮಕ್ಕಳನ್ನು ತಾಯಂದಿರು ಪೇಟೆಯ ಏಸಿ ಹಾಕಿದ ಸಂಗೀತ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಅದಕ್ಕೆ ಅವಳೇನೂ ಬೇಜಾರು ಪಟ್ಟುಕೊಂಡವಳಲ್ಲ. "ಹಾಲುಹಲ್ಲು ಬೀಳೋವರೆಗೆ ನನ್ನವು. ಆಮೇಲೆ ಯಾರವಾದ್ರೂ ಆಗ್ಲಿ" ಅನ್ನುತ್ತಿದ್ದಳು.

ಅವಳ ಪಿಯಾನೊ ಗೋಡೆಗೆ ಒರಗಿಸಿ ನಿಲ್ಲಿಸುವಂಥದ್ದು. ಮನೆಯ ಎಡಗೋಡೆಗೆ ಹಿರಿಯರ ಪೂಜೆಯ ಪೀಠ ಇದ್ದುದರಿಂದ ಪಿಯಾನೊ ಬಲಗೋಡೆಗೇ ಇರಬೇಕಾಯಿತು. ಸಾಲುಮನೆಯಲ್ಲಿ ಗೋಡೆ ಅಂದರೆ ಇಬ್ಬರ ಸೊತ್ತು. ಆ ಗೋಡೆಯ ಆಚೆ ಚಿನ್ ಅಕ್ಕನ ಮನೆ. ಅಕ್ಕನ ಗಂಡ ತವರದ ಗಣಿಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡು ಬಂದ ಮನುಷ್ಯ. ಮೆಟ್ಟಿಲು ಹತ್ತಲು ಆಗದೆ ಹೋದಾಗ ಅವನ ಮಂಚವನ್ನು ಕೆಳಗಿನ ಕೋಣೆಗೆ ತಂದು ಅದೇ ಗೋಡೆಯ ಪಕ್ಕ ಹಾಕಿದರು.

ಆಗ ಚಿನ್ ಅಕ್ಕ ಒಂದು ಬಟ್ಟಲು ತಾವರೆಬೇರಿನ ಸೂಪು ಹಿಡಿದುಕೊಂಡು ಬಂದಿದ್ದಳು. ಕೇಳುವುದಕ್ಕೆ ಬಂದವಳು ಬರಿಗೈಯಲ್ಲಿ ಬರುವವಳಲ್ಲ.

"ಸಾವ್ ಫಾಂಗ್, ನಿನ್ನ ಹೊಟ್ಟೆ ಮೇಲೆ ಹೊಡೆಯೋಕೆ ಬಂದಿಲ್ಲ ಕಣೆ. ಪಾಠ ನಿಲ್ಸು ಅಂತಾನೂ ಹೇಳಲ್ಲ. ಮಧ್ಯಾಹ್ನ ಒಂಚೂರು ಮೆಲ್ಲಗೆ ಆದ್ರೆ ಅವ್ರಿಗೆ ಕಣ್ಣು ಹತ್ತುತ್ತೆ. ರಾತ್ರಿಯೆಲ್ಲ ಕೆಮ್ಮು, ನಿದ್ದೆ ಇಲ್ಲ."

"ಅಯ್ಯೋ ಅಕ್ಕ, ಇಷ್ಟೇನಾ? ನೋಡಿ ಇಲ್ಲಿ."

ಪಿಯಾನೊದ ಕೆಳಗೆ ಮೂರು ಪೆಡಲ್. ನಡುವಿನದನ್ನು ಒತ್ತಿ ಎಡಕ್ಕೆ ಸರಿಸಿದರೆ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ಒಳಗೆ ಒಂದು ಉದ್ದನೆಯ ಉಣ್ಣೆಪಟ್ಟಿ ಪರದೆಯ ಹಾಗೆ ಇಳಿದು ತಂತಿಗಳಿಗೂ ಅವನ್ನು ಬಡಿಯುವ ಪುಟ್ಟ ಸುತ್ತಿಗೆಗಳಿಗೂ ನಡುವೆ ನಿಲ್ಲುತ್ತದೆ. ಸದ್ದು ಕಂಬಳಿ ಹೊದ್ದುಕೊಂಡ ಹಾಗೆ. ಸಾವ್ ಫಾಂಗ್ ಪೆಡಲ್ ಸಿಕ್ಕಿಸಿ ಎರಡು ಕೈಯಲ್ಲೂ ನುಡಿಸಿ ತೋರಿಸಿದಳು.

"ಇನ್ಮೇಲೆ ಇದು ಹೀಗೇ ಇರುತ್ತೆ. ನಿಮ್ಮನೆಗೆ ಸೊಳ್ಳೆಯಷ್ಟು ಸದ್ದೂ ಬರಲ್ಲ."

ಅಕ್ಕನ ಕಣ್ಣಲ್ಲಿ ನೀರು ಬಂತು. ಆ ವರ್ಷ ಚೀನೀ ಹೊಸ ವರ್ಷದ ಹಬ್ಬಕ್ಕೆ ಅವಳ ಮನೆಯಿಂದ ಕಿತ್ತಳೆಹಣ್ಣಿನ ಬುಟ್ಟಿಯೇ ಬಂತು.

ಸಾವ್ ಫಾಂಗ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಪೆಡಲ್ ಸಿಕ್ಕಿಸಿದ್ದು ಸಿಕ್ಕಿಸಿದ್ದೇ, ಮತ್ತೆ ಬಿಡಿಸಲೇ ಇಲ್ಲ.

ಅದೇ ಸಮಯದಲ್ಲಿ ಪುಯ್ ಯೀ ಬಂದಳು. ಕೋಳಿ ಅನ್ನದ ಅಂಗಡಿಯವಳ ಮಗಳು, ಮುಂದಿನ ಎರಡು ಹಲ್ಲು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಆ ಕೈ ಒರೆಸುವಾಗಲೇ ಸಾವ್ ಫಾಂಗ್‌ಗೆ ಒಂದು ಥರ ಆಯಿತು. ಮೆತ್ತಗಿನ ಕೈ, ಆದರೆ ಸೋತ ಕೈಯಲ್ಲ. ಕೀ ಮೇಲೆ ಇಟ್ಟರೆ ಬೆಕ್ಕು ಕಿಟಕಿಯಿಂದ ಇಳಿದ ಹಾಗೆ ಇಳಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅಂಥ ಕೈ ಅವಳ ಬಾಗಿಲಿಗೆ ಬಂದಿರಲಿಲ್ಲ. ಅದನ್ನು ಹುಡುಗಿಯ ತಾಯಿಗೆ ಹೇಳಲಿಲ್ಲ, ಹೇಳಿದರೆ ತಲೆ ತಿರುಗುತ್ತದೆ ಅಂತ. ಪಾಠದ ಹೊತ್ತು ಮುಗಿದರೂ ಅವಳನ್ನು ಕೂರಿಸಿಕೊಂಡು ಇನ್ನಷ್ಟು ಹೇಳಿಕೊಡುತ್ತಿದ್ದಳು, ಅಷ್ಟೆ.

ಒಂದೇ ಕೊರತೆ ಅಂದರೆ ಹುಡುಗಿ ತೀರಾ ಮೆಲ್ಲಗೆ ನುಡಿಸುತ್ತಿದ್ದಳು. ತಿಂಗಳು ಕಳೆದ ಹಾಗೆಲ್ಲ ಇನ್ನೂ ಮೆಲ್ಲಗೆ. ಉಣ್ಣೆಪಟ್ಟಿಯ ಮರೆಯಲ್ಲಿ ಕಲಿತ ಮಗು, ಪರೀಕ್ಷೆಯ ಸಭಾಂಗಣದ ದೊಡ್ಡ ಪಿಯಾನೊ ಮುಂದೆ ಕೂತರೆ ಸದ್ದೇ ಹೊರಡಲಿಕ್ಕಿಲ್ಲ ಅಂತ ಸಾವ್ ಫಾಂಗ್ ಹೆದರಿದಳು.

"ಒತ್ತು ಪುಟ್ಟಿ. ಕೋಳಿ ಕಾಳು ಹೆಕ್ಕೋ ಹಾಗೆ ಏನದು?"

"ಒತ್ತುತಾ ಇದೀನಿ ಟೀಚರ್."

"ನಂಗೆ ಕೇಳಿಸ್ಬೇಕಲ್ಲ? ಭುಜದಿಂದ ಒತ್ತು. ಇನ್ನೂ... ಇನ್ನೂ... ಹಾಂ!"

ಹುಡುಗಿ ತುಟಿ ಕಚ್ಚಿಕೊಂಡು ಒತ್ತುತ್ತಿದ್ದಳು. ಭುಜ ಕಿವಿಯ ತನಕ ಏರುತ್ತಿತ್ತು. ಮಣಿಕಟ್ಟು ಬಿಗಿಯಾಗುತ್ತಿತ್ತು.

ಗೋಡೆಯ ಆಚೆಯಿಂದ ಗುದ್ದು ಬೀಳತೊಡಗಿದ್ದು ಆಗ. ಧಪ್, ಧಪ್. ಮೊದಲ ದಿನ, ಅಕ್ಕ ಏನೋ ಮೊಳೆ ಹೊಡೆಯುತ್ತಿರಬೇಕು ಅಂತ ಸಾವ್ ಫಾಂಗ್ ಅಂದುಕೊಂಡಳು. ಮಾರನೇ ದಿನವೂ ಅದೇ. ಮೂರನೇ ದಿನ ಚಿನ್ ಅಕ್ಕ ಗೇಟಿಗೇ ಬಂದಳು. ಈ ಸಲ ಕೈಯಲ್ಲಿ ಬಟ್ಟಲು ಇರಲಿಲ್ಲ.

"ಏನೇ, ಕೊಟ್ಟ ಮಾತು ಮೂರು ಕಾಸಿಗೆ ಮಾರ್ಕೊಂಡ್ಯಾ?"

"ಯಾವ ಮಾತು ಅಕ್ಕ?"

"ಯಾವ ಮಾತು ಅಂತೆ! ಅಲ್ಲಿ ಅವ್ರ ತಲೆ ಒಡೀತಾ ಇದೆ. ಮಂಚಾನೇ ಅಲ್ಲಾಡುತ್ತೆ."

ಸಾವ್ ಫಾಂಗ್ ಅವಳನ್ನು ಒಳಗೆ ಕರೆದು ಪೆಡಲ್ ತೋರಿಸಿದಳು. ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ ಇತ್ತು. ಮೇಲೆ ಧೂಳು ಕೂಡ ಕೂತಿತ್ತು.

"ನೋಡಿ, ಮುಟ್ಟೇ ಇಲ್ಲ. ಮೊದಲಿಗಿಂತ ಈಗ ಇನ್ನೂ ಕಮ್ಮಿನೇ ಆಗಿದೆ ಸದ್ದು. ನಂಗೇ ಸರಿಯಾಗಿ ಕೇಳಿಸಲ್ಲ, ಗೋಡೆ ಆಚೆ ನಿಮಗೆ ಹೇಗೆ ಕೇಳುತ್ತೆ?"

"ನಿನ್ನ ಕಿವಿಗೆ ಮೇಣ ಇಟ್ಕೊಂಡಿದ್ರೆ ಅದು ನಿನ್ನ ಪಾಡು. ನಂಗೆ ಪೆಡಲ್ಲು ಗಿಡಲ್ಲು ತೋರಿಸ್ಬೇಡ."

"ಅಕ್ಕ, ನೀವು ಕಾಯಿಲೆಯವರನ್ನ ನೋಡ್ಕೊಂಡು ದಣಿದಿದ್ದೀರಿ. ದಣಿದೋರಿಗೆ ಎಲೆ ಬಿದ್ರೂ ಸದ್ದೇ."

ಮಾತು ಸಮಾಧಾನದ್ದೇ. ಆದರೆ ಕೇಳಿದವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. "ನಾಳೆ ನಿಂಗೂ ಮಂಚ ಹಿಡಿಯೋ ಕಾಲ ಬರುತ್ತೆ. ಆಗ ಪಕ್ಕದಲ್ಲಿ ಯಾರಾದ್ರೂ ಡೋಲು ಬಾರಿಸ್ಲಿ" ಅಂದು ಚಿನ್ ಅಕ್ಕ ಹೊರಟುಹೋದಳು. ಮಾತುಕತೆ ಅಲ್ಲಿಗೆ ನಿಂತಿತು.

ಸಾವ್ ಫಾಂಗ್‌ಗೆ ಸಿಟ್ಟು ಬಂತು. ತಪ್ಪು ಮಾಡದೆ ಬೈಸಿಕೊಂಡವರಿಗೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ. ಪೆಡಲ್ ಕಣ್ಣೆದುರಿಗೇ ಇದೆ, ಇನ್ನೇನು ಸಾಕ್ಷಿ ಬೇಕು? ಪಿಯಾನೊ ಶ್ರುತಿ ಮಾಡುವ ಮುದುಕ ವರ್ಷಕ್ಕೆರಡು ಸಲ ಬಂದು ಮುಚ್ಚಳ ತೆಗೆದು ಒಳಗೆ ನುಸಿಗುಳಿಗೆ ಹಾಕಿ ಹೋಗುತ್ತಿದ್ದ. ಅವನು ಕೆಲಸ ಬಿಟ್ಟು ದೂರದ ಜೋಹೋರಿನಲ್ಲಿದ್ದ ಮಗನ ಮನೆ ಸೇರಿದ ಮೇಲೆ ಸಾವ್ ಫಾಂಗ್ ಬೇರೆ ಯಾರನ್ನೂ ಕರೆಸಿರಲಿಲ್ಲ. ಪಿಯಾನೊ ಅವಳ ಕಿವಿಗೆ ಶ್ರುತಿಯಲ್ಲೇ ಇತ್ತು. ತೇವಕ್ಕೆ ಮರ ಉಬ್ಬದಿರಲಿ ಅಂತ ಎಲ್ಲರೂ ಮಾಡುವ ಹಾಗೆ ಅವಳೂ ಒಳಗೆ ಕೆಳಭಾಗದಲ್ಲಿ ಒಂದು ಪುಟ್ಟ ಬಲ್ಬು ಉರಿಸಿಯೇ ಇಡುತ್ತಿದ್ದಳು. ಅಷ್ಟು ಸಾಕು ಅಂದುಕೊಂಡಿದ್ದಳು.

ಮಳೆಗಾಲದ ಕೊನೆಗೆ ಚಿನ್ ಮುದುಕ ತೀರಿಹೋದ. ಬೀದಿಗೆ ಅಡ್ಡಲಾಗಿ ಶಾಮಿಯಾನ ಬಂತು, ಬಿಳೀ ಲಾಂದ್ರ ಬಂತು, ಮಂತ್ರ ಹೇಳುವವರು ಬಂದರು. ಸಾವ್ ಫಾಂಗ್ ಪಾಠ ನಿಲ್ಲಿಸಿ, ಬಿಳೀ ಲಕೋಟೆಯಲ್ಲಿ ಪದ್ಧತಿಯಂತೆ ದುಡ್ಡಿಟ್ಟು, ತಗ್ಗಿದ ಮುಖ ಮಾಡಿಕೊಂಡು ಹೋದಳು. ಜಗಳ ಏನೇ ಇರಲಿ, ಗೋಡೆ ಹಂಚಿಕೊಂಡವರು ಸಾವಿಗೆ ಹೋಗದೆ ಇರಲಾಗುವುದಿಲ್ಲ.

ಬಂದುಹೋಗುವವರಿಗೆಲ್ಲ ಸತ್ತವರ ಮನೆಯವರು ಒಂದು ಮಿಠಾಯಿ, ಒಂದು ಕೆಂಪು ದಾರ ಕೊಡುತ್ತಾರೆ. ಬಾಯಿಯ ಕಹಿ ಹೋಗಲಿ, ಸಾವಿನ ನೆರಳು ಬೆನ್ನು ಹತ್ತದಿರಲಿ ಅಂತ. ಚಿನ್ ಅಕ್ಕ ಸಾವ್ ಫಾಂಗ್‌ಳ ಮುಂದಿನವರಿಗೆ ಕೊಟ್ಟಳು, ಹಿಂದಿನವರಿಗೆ ಕೊಟ್ಟಳು. ಅವಳ ಕೈಗೆ ಮಾತ್ರ ಏನೂ ಹಾಕಲಿಲ್ಲ. ಹತ್ತಿರ ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಕಲ್ಲು ಇಟ್ಟ ಹಾಗೆ ಇಟ್ಟಳು.

"ಕೊನೇ ದಿನ ಅವ್ರು ಏನಂದ್ರು ಗೊತ್ತಾ? ನನ್ನ ಹೆಸರು ಹಿಡೀಲಿಲ್ಲ, ಮಕ್ಕಳ ಹೆಸರು ಹಿಡೀಲಿಲ್ಲ. 'ಹಾಡು ಮೇಲಕ್ಕೆ ಹತ್ತೋ ಕಡೆ ಆ ಮಗು ಇವತ್ತೂ ಜಾರಿಬಿತ್ತು, ಹೋದ ವರ್ಷದ ಹುಡುಗ ಸರಿಯಾಗಿ ಹತ್ತುತಿದ್ದ' ಅಂದ್ರು. ನಲವತ್ತು ವರ್ಷ ಸಂಸಾರ ಮಾಡಿ ನಾನು ಕೇಳಿದ ಕೊನೇ ಮಾತು ಇದು."

ದುಃಖದಲ್ಲಿರುವವರು ಬಾಯಿಗೆ ಬಂದದ್ದು ಹೇಳುತ್ತಾರೆ ಅಂತ ಸಾವ್ ಫಾಂಗ್ ಮನಸ್ಸಿಗೆ ಹೇಳಿಕೊಂಡಳು. ಪುಯ್ ಯೀ ಜಾರುವುದೇ? ಆ ಪರೀಕ್ಷೆಯ ಹಾಡಿನಲ್ಲಿ? ತನ್ನ ಕಿವಿಗೆ ಬೀಳದ ತಪ್ಪು ಸಾಯುವ ಮುದುಕನ ಕಿವಿಗೆ ಬಿತ್ತೇ?

ಪರೀಕ್ಷೆಗೆ ಇನ್ನು ಕೆಲವೇ ವಾರ ಇತ್ತು. ಒಂದು ಮಧ್ಯಾಹ್ನ ಪುಯ್ ಯೀ ನುಡಿಸುತ್ತಿದ್ದವಳು ಫಕ್ಕನೆ ಕೈ ಎತ್ತಿ, ಕತ್ತು ಓರೆ ಮಾಡಿ ಕೂತಳು.

"ಏನಾಯ್ತು?"

"ಟೀಚರ್, ಪಿಯಾನೊ ಒಳಗೆ ಯಾರೋ ಅಳ್ತಿದಾರೆ."

"ನುಡಿಸೋಕೆ ಸೋಮಾರಿತನ ಬಂದ್ರೆ ಪಿಯಾನೊನೂ ಅಳುತ್ತೆ. ನಡಿ, ಮೊದಲಿಂದ."

"ನಿಜ್ವಾಗ್ಲೂ ಟೀಚರ್! ಕೀಂಯ್ ಕೀಂಯ್ ಅಂತ. ಈಗ್ಲೂ. ಜುನ್ ಹಾವೊಗೂ ನಿನ್ನೆ ಕೇಳಿಸಿತ್ತಂತೆ, ಅವನು ನಕ್ಕಿದ್ದಕ್ಕೆ ನೀವು ಬೈದ್ರಂತೆ."

ಹೌದು, ಬೈದಿದ್ದಳು. ಎರಡು ದಿನದಿಂದ ಮಕ್ಕಳೆಲ್ಲ ಪಾಠದ ನಡುವೆ ಸುಮ್ಮಸುಮ್ಮನೆ ಕಿಸಿಕಿಸಿ ನಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳಿಗೆ ಹಾಗೆ ಏನೇನೋ ಆಗುತ್ತದೆ. ಸಾವ್ ಫಾಂಗ್ ಕಿವಿಗೊಟ್ಟಳು. ಏನೂ ಇಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಅದರ ಸದ್ದು ಕೂಡ ದೂರದ್ದು. ಹುಡುಗಿಯ ಹಟ ಮುರಿಯಬೇಕು ಅಂತಲೇ ಎದ್ದು ಮೇಲಿನ ಮುಚ್ಚಳ ಎತ್ತಿ, ಎರಡೂ ಕಡೆಯ ತಿರುಪು ಸರಿಸಿ, ಮುಂದಿನ ಹಲಗೆಯನ್ನು ಇಡಿಯಾಗಿ ಕಳಚಿ ಕೆಳಗಿಟ್ಟಳು.

"ನೋಡು, ಯಾರಿದಾರೆ..."

ಉಣ್ಣೆಪಟ್ಟಿ ಇರಬೇಕಾದ ಜಾಗದಲ್ಲಿ ಬರೀ ಕಬ್ಬಿಣದ ಸರಳು ಇತ್ತು. ಅದರ ಎರಡೂ ತುದಿಗೆ ಬೆರಳಗಲದ ಹಸಿರು ಚೂರು ಅಂಟಿಕೊಂಡಿತ್ತು, ಅಷ್ಟೆ. ಕೆಳಗಿನ ಹಲಗೆಯನ್ನೂ ತೆಗೆದಳು. ಬಲ್ಬಿನ ಬಿಸಿ ತಾಗುವ ಮೂಲೆಯಲ್ಲಿ, ಎಳೆ ಎಳೆಯಾಗಿ ಹರಿದ ಹಸಿರು ಉಣ್ಣೆಯ ಗೂಡು. ಒಂದೇ ದಿನದಲ್ಲಿ ಹರಿದ ಉಣ್ಣೆಯಲ್ಲ ಅದು. ಅಡಿಯ ಎಳೆಗಳು ಕೊಳೆತು ಕಪ್ಪಾಗಿದ್ದವು, ಎಷ್ಟೋ ಬಾಣಂತನ ಕಂಡ ಗೂಡು. ಅದರ ನಡುವೆ ಕಣ್ಣು ಬಿಡದ ಗುಲಾಬಿ ಇಲಿಮರಿಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

ಸಾವ್ ಫಾಂಗ್ ಮೊದಲು ಕೈಗೆ ಬಂದ ಕೆಲಸ ಮಾಡಿದಳು. ಕಸದ ಮೊರ ತಂದು, ಗೂಡನ್ನು ಇಡಿಯಾಗಿ ಅದರ ಮೇಲೆ ಎಳೆದುಕೊಂಡು, ಹಿಂದಿನ ಚರಂಡಿಯ ಕಡೆ ನಡೆದಳು. ಅಡುಗೆಮನೆಯ ಬಾಗಿಲಲ್ಲಿ ತಿರುಗಿ ನೋಡಿದರೆ ಪುಯ್ ಯೀ ಎರಡೂ ಕೈಯಲ್ಲಿ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು. ಅಳು ಬಂದ ಮುಖ.

"ಕಿವಿ ಯಾಕೆ ಮುಚ್ಕೊಂಡೆ?"

"ಕೂಗ್ತಾ ಇವೆ ಟೀಚರ್. ಜೋರಾಗಿ ಕೂಗ್ತಾ ಇವೆ."

ಸಾವ್ ಫಾಂಗ್ ಮೊರದೊಳಗೆ ನೋಡಿದಳು. ಪುಟ್ಟ ಗುಲಾಬಿ ಬಾಯಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತೆರೆಯುತ್ತಿದ್ದವು. ಮೊರವನ್ನು ಮುಖದ ಹತ್ತಿರ ತಂದಳು. ಬಾಯಿಗಳು ತೆರೆಯುತ್ತಲೇ ಇದ್ದವು. ಸದ್ದು ಇರಲಿಲ್ಲ.

ಚರಂಡಿಯಿಂದ ವಾಪಸು ಬಂದವಳು ಕೈ ತೊಳೆದು, ಹುಡುಗಿಯ ಕೈಯನ್ನೂ ಒರೆಸಿ, ಸ್ಟೂಲಿನ ಮೇಲೆ ಕೂರಿಸಿದಳು. ತಾನು ಪೂಜೆಯ ಪೀಠದ ಕಡೆ ಮುಖ ಮಾಡಿ ನಿಂತಳು.

"ಬಲಗಡೆ ಕೊನೆಯಿಂದ ಒಂದೊಂದೇ ಕೀ ಒತ್ತುತ್ತಾ ಬಾ. ನಂಗೆ ಕೇಳಿಸಿದ ಕೂಡ್ಲೆ 'ಹೂಂ' ಅಂತೀನಿ."

ಅಪ್ಪ ಅಮ್ಮನ ಪಟ ನೋಡುತ್ತಾ ಕಾದಳು. ಧೂಪದ ಕಡ್ಡಿಯಿಂದ ಬೂದಿ ಉದುರಿತು.

"ಶುರು ಮಾಡು ಪುಟ್ಟಿ, ಹೆದರ್ಬೇಡ."

"ಅರ್ಧ ಮುಗೀತು ಟೀಚರ್" ಅಂದಳು ಹುಡುಗಿ, ಮೆಲ್ಲಗೆ. ಅದನ್ನು ಅವಳು ಎರಡು ಸಲ ಹೇಳಬೇಕಾಯಿತು.

ಸಾವ್ ಫಾಂಗ್ ತಿರುಗಿ ಬಂದು ಪಕ್ಕದಲ್ಲಿ ಕೂತಳು. ಪರೀಕ್ಷೆಯ ಹಾಡು ನುಡಿಸಲು ಹೇಳಿದಳು, ನಿಧಾನವಾಗಿ. ಈ ಸಲ ಭುಜ ನೋಡಲಿಲ್ಲ, ಮಣಿಕಟ್ಟು ನೋಡಲಿಲ್ಲ, ಬೆರಳನ್ನೇ ನೋಡಿದಳು. ಹಾಡು ಮೇಲಕ್ಕೆ ಹತ್ತುವ ಕಡೆ ನಾಲ್ಕನೇ ಬೆರಳು ಕಪ್ಪು ಕೀ ಬಿಟ್ಟು ಪಕ್ಕದ ಬಿಳಿಯ ಮೇಲೆ ಬಿತ್ತು.

"ಇಲ್ಲಿ ಯಾವಾಗಿಂದ ಹೀಗೆ ನುಡಿಸ್ತಿದ್ದೀಯ?"

"ಯಾವಾಗ್ಲೂ ಹೀಗೇ. ನೀವು ಸರಿ ಅಂದ್ರಲ್ಲ ಟೀಚರ್."

"ಸರಿ ಅಂದೆನಾ?"

"ದಿನಾ ಅಂತೀರ. 'ಸರಿ, ಇನ್ನೂ ಜೋರಾಗಿ' ಅಂತೀರ."

ಸಾವ್ ಫಾಂಗ್ ಎದ್ದು ಅಂಗೈಯನ್ನು ಬಲಗೋಡೆಗೆ ಆನಿಸಿದಳು. "ಇನ್ನೊಂದು ಸಲ ನುಡಿಸು. ದಿನಾ ನುಡಿಸ್ತೀಯಲ್ಲ, ಹಾಗೇ." ಹುಡುಗಿ ತುಟಿ ಕಚ್ಚಿಕೊಂಡಳು, ಭುಜ ಏರಿಸಿದಳು, ಒತ್ತಿದಳು. ಗೋಡೆ ನಡುಗಿತು. ಅಂಗೈಯಿಂದ ಮೊಣಕೈ ತನಕ ಬಂತು ನಡುಕ. ಇದೇ ಜಾಗದ ಆಚೆ ಮಂಚದ ತಲೆಭಾಗ ಇತ್ತು. ಎಷ್ಟು ತಿಂಗಳು ಹೀಗೆ, ಲೆಕ್ಕ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ.

"ಈಗ ಮೆಲ್ಲಗೆ ನುಡಿಸು. ಮೊದಮೊದಲು ಬಂದಾಗ ನುಡಿಸ್ತಿದ್ದೆಯಲ್ಲ, ಹಾಗೆ."

ಹುಡುಗಿ ನುಡಿಸಿದಳು. ಗೋಡೆ ಅಷ್ಟೇ ನಡುಗಿತು.

"ಮೆಲ್ಲಗೆ ಅಂದೆ."

"ಇದೇ ಮೆಲ್ಲಗೆ ಟೀಚರ್."

ಸಾವ್ ಫಾಂಗ್ ಆ ಕೈ ಹಿಡಿದು ನೋಡಿದಳು. ಮಣಿಕಟ್ಟಿನ ನರ ದಾರದ ಹಾಗೆ ಬಿಗಿದಿತ್ತು, ಹೆಬ್ಬೆರಳ ಬುಡ ಗಟ್ಟಿಯಾಗಿತ್ತು. ಬಡಗಿಯ ಕೈಯಾಗಿದ್ದರೆ ಅದು ಒಳ್ಳೆಯ ಕೈ. ಹಾಳಾದ ಕೈಗಳನ್ನು ಅವಳು ಕಂಡಿದ್ದಳು, ಬೇರೆಯವರ ಹತ್ತಿರ ಕಲಿತು ಬಂದವು. ಅವುಗಳಲ್ಲಿ ಕೆಲವು ಸರಿಹೋಗುತ್ತವೆ, ಹಲವು ಹೋಗುವುದಿಲ್ಲ.

ತಾಯಿಯ ಮೋಟಾರುಬೈಕು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಆ ಹೊತ್ತಿನಲ್ಲಿ ಸಾವ್ ಫಾಂಗ್ ಎಲ್ಲವನ್ನೂ ಯೋಚಿಸಿದಳು. ಹೇಳದಿದ್ದರೂ ನಡೆಯುತ್ತದೆ. ಹೊಸ ಪಟ್ಟಿ ಹಾಕಿಸಬಹುದು. ಬೆರಳು ನೋಡಿಕೊಂಡೇ ಪಾಠ ಹೇಳಬಹುದು, ಇಷ್ಟು ವರ್ಷ ಬೆರಳು ನೋಡಿದ ಕಣ್ಣು ಇನ್ನೂ ಚೆನ್ನಾಗಿದೆ. ಹೇಳಿದರೆ ನಾಳೆ ಒಂದು ಮಗುವೂ ಉಳಿಯುವುದಿಲ್ಲ. ಮಕ್ಕಳಿಲ್ಲದ ಮಧ್ಯಾಹ್ನ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತರಿಂದ ಈಚೆಗೆ ಅಂಥ ಮಧ್ಯಾಹ್ನವನ್ನು ಅವಳು ಕಂಡಿರಲಿಲ್ಲ.

ಪುಯ್ ಯೀ ತಾಯಿ ಹೆಲ್ಮೆಟ್ ತೆಗೆಯದೆಯೇ ಗೇಟಿನಲ್ಲಿ ನಿಂತಳು. ಮೈಯೆಲ್ಲ ಕೋಳಿಕೊಬ್ಬಿನ ವಾಸನೆ.

"ಟೀಚರ್, ಪಾಸಾಗ್ತಾಳೆ ತಾನೆ? ಅಂಗಡಿಗೆ ಬರೋರಿಗೆಲ್ಲ ಹೇಳ್ಬಿಟ್ಟಿದೀನಿ."

"ಇವಳನ್ನ ಬೇರೆ ಕಡೆ ಸೇರ್ಸಿ. ನಾಳೇನೇ. ನನ್ನ ಕಿವಿ ಹೋಗಿದೆ."

ತಾಯಿ ನಕ್ಕಳು. ಆಮೇಲೆ ನಗು ನಿಂತಿತು. "ಏನಂದ್ರಿ?"

"ಕಿವಿ ಕೇಳಿಸಲ್ಲ ನಂಗೆ. ತಪ್ಪು ನುಡಿಸಿದ್ರೆ ಗೊತ್ತಾಗ್ಲಿಲ್ಲ. ಸದ್ದು ಸಾಲ್ದು ಅಂತ ಇವಳ ಕೈ ಬಿಗಿ ಮಾಡ್ಬಿಟ್ಟೆ. ಅಲ್ಲಿ ಹೋದ್ಮೇಲೆ, ಈ ವರ್ಷ ಪರೀಕ್ಷೆ ಬೇಡ, ಮೊದಲು ಕೈ ಸಡಿಲ ಮಾಡಿಸಿ ಅಂತ ಹೇಳಿ."

"ಈಗ ಹೇಳ್ತಿದ್ದೀರಾ? ಪರೀಕ್ಷೆ ಬಾಗ್ಲಿಗೆ ಬಂದಾಗ?"

"ಇವತ್ತೇ ಗೊತ್ತಾಗಿದ್ದು."

"ಸ್ವಂತ ಕಿವಿ ಟೀಚರ್! ಕೇಳಿಸಲ್ಲ ಅಂತ ಯಾರಿಗಾದ್ರೂ ಇವತ್ತು ಗೊತ್ತಾಗುತ್ತಾ?" ಅವಳು ಮುಂದೆ ಹೇಳಿದ್ದರಲ್ಲಿ ಸಾವ್ ಫಾಂಗ್‌ಗೆ ಅರ್ಧ ಸಿಕ್ಕಿತು, ಅರ್ಧ ಹೆಲ್ಮೆಟಿನ ಗಾಜಿನ ಹಿಂದೆ ಉಳಿಯಿತು. ಸಿಕ್ಕಿದ್ದೇ ಸಾಕಾಗಿತ್ತು. ಪುಯ್ ಯೀ ಬೈಕಿನ ಹಿಂದೆ ಕೂತು ಅಮ್ಮನ ಬೆನ್ನಿನ ಮೇಲೆ ಬೆರಳು ಆಡಿಸುತ್ತಿದ್ದಳು, ಅದೇ ಹಾಡಿನ ಬೆರಳು. ತಾಯಿ ಭುಜ ಕೊಡವಿದಳು. "ಥೂ, ನೋಯುತ್ತೆ ಕಣೆ, ಬಡೀಬೇಡ" ಅಂದದ್ದು ತುಟಿಯಲ್ಲಿ ಕಂಡಿತು.

ವಾರ ಕಳೆಯುವುದರೊಳಗೆ ಎಲ್ಲ ಮಕ್ಕಳೂ ಹೋದರು. ಕೋಳಿ ಅನ್ನದ ಅಂಗಡಿಗೆ ಬಾರದವರು ಆ ಊರಲ್ಲಿ ಕಡಿಮೆ.

ಪಾಠವಿಲ್ಲದ ಮೊದಲ ಸೋಮವಾರ ಸಾವ್ ಫಾಂಗ್ ಚಿನ್ ಅಕ್ಕನ ಗೇಟು ತಟ್ಟಿದಳು. ಕೈಯಲ್ಲಿ ಕಿತ್ತಳೆಹಣ್ಣು ಇತ್ತು. ಅಕ್ಕ ಬಂದು ಗೇಟಿನ ಸರಳು ಹಿಡಿದು ನಿಂತಳು. ತೆಗೆಯಲಿಲ್ಲ.

"ಏನು?"

"ಪಟ್ಟಿ ಇರ್ಲಿಲ್ಲ ಅಕ್ಕ. ಇಲಿ ತಿಂದಿತ್ತು. ನೀವು ಹೇಳಿದ್ದೇ ಸರಿ. ನನ್ನ ಕಿವಿ ಹೋಗಿತ್ತು, ಸದ್ದು ಕಮ್ಮಿ ಆಗಿದ್ದು ಪಟ್ಟಿಯಿಂದ ಅಂದ್ಕೊಂಡೆ."

ಚಿನ್ ಅಕ್ಕನ ಮುಖ ಮೆತ್ತಗಾಗಲಿಲ್ಲ, ಗಟ್ಟಿಯೂ ಆಗಲಿಲ್ಲ.

"ಅವ್ರು ಹೇಳಿದ್ದು? ಮಗು ಜಾರಿದ್ದು?"

"ಜಾರ್ತಿದ್ಲು. ಅದೇ ಜಾಗದಲ್ಲಿ."

"ಹಾಗಾದ್ರೆ ಅವ್ರಿಗೇ ಹೇಳು ಹೋಗು" ಅಂದು ಅಕ್ಕ ಗೇಟು ತೆಗೆದಳು.

ಕೆಳಗಿನ ಕೋಣೆಯಲ್ಲಿ ಮಂಚ ಇರಲಿಲ್ಲ. ಅದೇ ಗೋಡೆಗೆ ಮುದುಕನ ಪಟ, ಮುಂದೆ ಧೂಪದ ಕುಡಿಕೆ. ಸಾವ್ ಫಾಂಗ್ ಮೂರು ಕಡ್ಡಿ ಹಚ್ಚಿ, ಎರಡು ಕೈಯಲ್ಲಿ ಎತ್ತಿ ಹಿಡಿದು ಬಗ್ಗಿದಳು. ಪಟದ ಗಾಜಿನಲ್ಲಿ ತನ್ನ ಮುಖ ಕಂಡಿತು. ಅದರ ಹಿಂದೆ ಬಾಗಿಲಲ್ಲಿ ನಿಂತ ಚಿನ್ ಅಕ್ಕನ ಮುಖವೂ ಕಂಡಿತು. ಅಕ್ಕನ ತುಟಿ ಅಲ್ಲಾಡುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ಬಹಳ ಹೊತ್ತು ಹೇಳಿದಳು. ಗಾಜಿನ ಮಸುಕಿನಲ್ಲಿ ತುಟಿಯಿಂದ ಒಂದು ಮಾತೂ ಓದಲಾಗಲಿಲ್ಲ.

ತಿರುಗಿ ಕೇಳಬಹುದಿತ್ತು. ಸಾವ್ ಫಾಂಗ್ ತಿರುಗಲಿಲ್ಲ. ಅಕ್ಕ ಹೇಳಿ ಮುಗಿಸುವವರೆಗೆ ಕಡ್ಡಿ ಹಿಡಿದುಕೊಂಡೇ ನಿಂತಿದ್ದಳು. ಬಿಸಿ ಬೂದಿ ಬೆರಳಿನ ಮೇಲೆ ಉದುರಿತು.